ಅಪ್ಪನ ಬೆರಳು, ಬಂದೂಕಿನ ಘೋಡಾ

ಹಳಿಯಾಳ, ಜೋಯಿಡಾ, ಮುಂಡಗೋಡದ ಕಾಡಂಚಿನಲ್ಲಿ ಗದ್ದೆ ಇದ್ದವರಿಗೆ ಬಂದೂಕು ಅಂದ್ರೆ ಗಾಬರಿ ಏನಿಲ್ಲ. ಕುಡಗೋಲು, ಕೊಡಲಿ ಜೊತೆ ಅದೂ ಒಂದು. ಆಯುಧಪೂಜೆಗೆ ಕುಂಕುಮ ಹಚ್ಚಿಸಿಕೊಳ್ಳುತ್ತದೆ, ಚುನಾವಣೆ ಬಂತಂದ್ರೆ ಪೊಲೀಸ್ ಠಾಣೆ ಸೇರುತ್ತದೆ. ಪೇಟೆಯ ಗೆಳತಿಯರಿಗೆ ಇದನ್ನು ಹೇಳಿದರೆ, ‘ಅಯ್ಯೋ, ನಿಮ್ಮನೇಲಿ ಗನ್ ಇದೆಯಾ!’ ಅಂತ ಕಣ್ಣು ದೊಡ್ಡದು ಮಾಡ್ತಾರೆ.

ಬಹಳಷ್ಟು ಮನೆಗಳಲ್ಲಿ ಇರೋದು ಮಸಿ ತುಂಬುವ ನಾಡಬಂದೂಕು, ಇಲ್ಲವೇ ತೋಟಾ ಬಂದೂಕು. ನಮ್ಮಪ್ಪನದು ಮಾತ್ರ ಇಶಾಪುರ ಕಾರ್ಖಾನೆಯ .315 ರೈಫಲ್. ಬೋಲ್ಟ್ ಎಳೆದು, ದೂಡಿ ಗುಂಡು ಏರಿಸುವಂಥದ್ದು. ಹಳೇ ಕಾಲದ ಲೈಸೆನ್ಸು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ನಿಂತಿತು, ಬಂದೂಕು ಉಳಿಯಿತು.

2024ರ ಮೇ 7ಕ್ಕೆ ನಮ್ಮಲ್ಲಿ ಲೋಕಸಭೆ ಮತದಾನ. ಠಾಣೆಗೆ ಕೊಟ್ಟಿದ್ದ ಬಂದೂಕು ಜೂನ್‌ನಲ್ಲಿ ಮನೆಗೆ ಬಂತು. ಖಾಲಿ ಇದೆಯಾ ಅಂತ ಎರಡು ಸಲ ನೋಡಿ ಅಪ್ಪ ಟ್ರಿಗರ್ ಎಳೆದರು. ಅವರು ಅದನ್ನು ಘೋಡಾ ಅಂತಲೇ ಕರೆಯೋದು. ಅದು ಜಗ್ಗಲಿಲ್ಲ. ಎಪ್ಪತ್ತಾರರ ಬೆರಳು, ಸಂಧಿವಾತ ಬೇರೆ. ‘ಘೋಡಾ ಭಾಳ ಬಿಗಿ ಆಗೇತವ್ವಾ, ಹಗೂರ ಮಾಡಿಸ್ಕೊಂಡು ಬರೋಣ ನಡಿ’ ಅಂದರು. ಬೆರಳಿನ ಮಾತು ಬರಲೇ ಇಲ್ಲ.

ನನಗೆ ಒಳಗೊಳಗೇ ಅಳುಕು. ದಾಂಡೇಲಿಯಿಂದ ರಜಾಕ್ಕೆ ಹೋಗೋ ನನ್ನ ಮಗನಿಗೆ ಹನ್ನೊಂದು ವರ್ಷ. ಹಗುರ ಘೋಡಾ ಅಪ್ಪನ ಬೆರಳಿಗೆ ಹಗುರ, ಹುಡುಗನ ಬೆರಳಿಗೂ ಹಗುರ. ಹಾಗಂತ ಅಪ್ಪನ ಮುಂದೆ ಹೇಳೋದು ಹೇಗೆ?

ಲೈಸೆನ್ಸ್ ಪುಸ್ತಕ ಹಿಡಿದುಕೊಂಡು ಪರವಾನಗಿ ಇರೋ ರಿಪೇರಿಯವರ ಹತ್ತಿರ ಹೋದೆವು. ಆತ ಬಂದೂಕು ಖಾಲಿ ಇದೆ ಅಂತ ತಾನೂ ನೋಡಿ, ಟ್ರಿಗರ್‌ಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಗಿಸಿ ಮೆಲ್ಲಗೆ ಎಳೆದ. ಟಕ್ ಅಂದಾಗ ಮುಳ್ಳು ಮೂರು ಕಿಲೋ ದಾಟಿತ್ತು. ಮೂರು ಕಿಲೋ ಅಕ್ಕಿ ಚೀಲವನ್ನು ಒಂದೇ ಬೆರಳಲ್ಲಿ ಎತ್ತಿ ನೋಡಿ, ಗೊತ್ತಾಗುತ್ತೆ.

ಆಮೇಲೆ ಬಿಚ್ಚಿ ತೋರಿಸಿದ. ಗುಂಡಿನ ಹಿಂಭಾಗಕ್ಕೆ ಬಡಿಯುವ ಕಡ್ಡಿಯನ್ನು ಒಂದು ಗಟ್ಟಿ ಸ್ಪ್ರಿಂಗು ಮುಂದಕ್ಕೆ ದೂಡುತ್ತಲೇ ಇರುತ್ತದೆ. ಅದನ್ನು ತಡೆದು ನಿಲ್ಲಿಸಿರೋದು ಸಿಯರ್ ಎಂಬ ಉಕ್ಕಿನ ತುಂಡಿನ ಒಂದು ಸಣ್ಣ ಅಂಚು. ಟ್ರಿಗರ್ ಎಳೆದಾಗ ಆ ಅಂಚು ಜಾರುತ್ತದೆ, ಅಷ್ಟೇ. ಜಾರಿಸೋಕೆ ಬೇಕಾದ ಬಲವೇ ಟ್ರಿಗರ್‌ನ ತೂಕ. ಈಗಿನ ಎಷ್ಟೋ ರೈಫಲ್‌ಗಳಲ್ಲಿ ಅದನ್ನು ತಿರುಪಿನಿಂದ ಹೊಂದಿಸಬಹುದು. ಹಳೇ ಲೀ-ಎನ್‌ಫೀಲ್ಡ್ ಮಾದರಿಯ ನಮ್ಮದರಲ್ಲಿ ಅಂಥ ತಿರುಪಿಲ್ಲ.

‘ಅರ ಹಾಕಿ ಸವಸಪಾ’ ಅಂದರು ಅಪ್ಪ.

‘ಆಗಂಗಿಲ್ರಿ ಅಜ್ಜಾರ. ಈ ಉಕ್ಕಿಗೆ ಮೇಲಿನ ಪದರಷ್ಟೇ ಗಟ್ಟಿ. ಅದು ಸವದ್ರ ಒಳಗಿಂದು ಮೆತ್ತಗ. ಇವತ್ತು ಚಲೋ ಅನಸ್ತದ, ನಾಳೆ ಬೋಲ್ಟ್ ಜೋರಾಗಿ ಹಾಕಿದ್ರೂ ಸಾಕು, ಹಿಂಬದಿ ನೆಲಕ್ಕ ಬಡದ್ರೂ ಸಾಕು, ತಾನ ಹಾರ್ತದ’ ಅಂದ ಆತ. ಟಿವಿಯಲ್ಲಿ ನೋಡೋ ಸ್ಪರ್ಧೆಗಳ ಮಾತೂ ಬಂತು. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್‌ನಲ್ಲಿ ಟ್ರಿಗರ್‌ಗೆ ಕನಿಷ್ಠ ತೂಕದ ನಿಯಮವೇ ಇಲ್ಲ, ಮುಟ್ಟಿದರೆ ಸಾಕು ಎಂಬಷ್ಟು ಹಗುರ ಇಟ್ಟುಕೊಳ್ಳಬಹುದು. 300 ಮೀಟರ್ ಸ್ಟ್ಯಾಂಡರ್ಡ್ ರೈಫಲ್‌ಗೆ ಮಾತ್ರ 1500 ಗ್ರಾಂಗಿಂತ ಕಡಿಮೆ ಇರಬಾರದು. ಅವರದು ರೇಂಜು, ಎದುರಿಗೆ ಗುರಿಹಲಗೆ. ನಮ್ಮದು ಕತ್ತಲು, ಕೆಸರಿನ ಬದು, ಚಳಿಗೆ ಮರಗಟ್ಟಿದ ಕೈ.

ಅಷ್ಟರಲ್ಲಿ ಆತ ಒಳಗಿಂದ ಕಂದು ಮೇಣದಂಥದ್ದನ್ನು ಕೆರೆದು ತೆಗೆದ. ಮೂಸಿ ನೋಡಿ ನಕ್ಕ. ಕೊಬ್ಬರಿ ಎಣ್ಣೆ! ವರ್ಷಾ ವರ್ಷಾ ಆಯುಧಪೂಜೆಗೆ ಅಪ್ಪ ಪ್ರೀತಿಯಿಂದ ಎರೆದದ್ದು, ಧೂಳು ಕೂಡಿ ಅಂಟಾಗಿತ್ತು. ಚಳಿಗಾಲದಲ್ಲಂತೂ ಡಬ್ಬಿಯಲ್ಲಿ ಗಟ್ಟಿಯಾಗೋ ಹಾಗೆ ಅಲ್ಲೂ ಗಟ್ಟಿಯಾಗೋದು. (ತಲೆಗೂ ಅದೇ, ಬಂದೂಕಿಗೂ ಅದೇ, ನಮ್ಮವ್ವ ಇದ್ದಿದ್ರೆ ವಾರಗಟ್ಟಲೆ ನಗ್ತಿದ್ಲು.) ತೊಳೆದು, ಒರೆಸಿ, ಬಂದೂಕಿನ ಎಣ್ಣೆ ಎರಡೇ ಹನಿ ಹಾಕಿದ. ಮತ್ತೆ ತಕ್ಕಡಿ. ಎರಡೂವರೆ ಕಿಲೋಗಿಂತ ತುಸು ಕಡಿಮೆ. ಬೋಲ್ಟ್ ಜೋರಾಗಿ ಹಾಕಿ, ಹಿಂಬದಿಯನ್ನು ರಬ್ಬರ್ ಹಾಸಿನ ಮೇಲೆ ಕುಟ್ಟಿ ನೋಡಿದ. ಘೋಡಾ ಕದಲಲಿಲ್ಲ.

ಅಪ್ಪ ಎಳೆದು ನೋಡಿದರು. ಟಕ್ ಅಂತು, ಆದರೆ ಬಂದೂಕಿನ ಮೂತಿ ಒಂದು ಗೇಣು ಬಲಕ್ಕೆ ವಾಲಿತ್ತು. ಮೂವರೂ ನೋಡಿದೆವು. ಯಾರೂ ಮಾತಾಡಲಿಲ್ಲ.

ಬಸ್ಸಿನಲ್ಲಿ ಬರುವಾಗ ಅಪ್ಪನೇ ಶುರು ಮಾಡಿದರು. ಸುಗ್ಗಿ ಹೊತ್ತಿಗೆ ಆನೆ ಬಂದರೆ ಹೊಡೆಯೋ ಹಾಗಂತೂ ಇಲ್ಲ, ಹೊಡೆಯಲೂಬಾರದು. ಗಾಳಿಯಲ್ಲಿ ಹಾರಿಸೋಣ ಅಂದ್ರೆ ರೈಫಲ್ ಗುಂಡು ಕಿಲೋಮೀಟರ್‌ಗಟ್ಟಲೆ ಹೋಗ್ತದೆ, ಎಲ್ಲಿ ಯಾರ ಮೇಲೆ ಬೀಳ್ತದೋ. ‘ಪಟಾಕಿನ ಚಲೋ ಬಿಡು’ ಅಂದರು. ನನಗೆ ಹೌದು ಅನ್ನಿಸಿದರೂ ಹೌದು ಅನ್ನಲು ಬಾಯಿ ಬರಲಿಲ್ಲ. ಅಟ್ಟಣೆ ಮೇಲೆ ರಾತ್ರಿಯಿಡೀ ಒಬ್ಬರೇ ಕೂತಿರುವಾಗ ಆ ಬಂದೂಕು ಅವರಿಗೆ ಜೊತೆಗಾರ ಇದ್ದ ಹಾಗಿತ್ತು.

2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ಲೈಸೆನ್ಸುದಾರರಿಗೆ ಎಪ್ಪತ್ತು ತುಂಬಿದರೆ, ಅಥವಾ ಬಂದೂಕು ಇಟ್ಟುಕೊಂಡು ಇಪ್ಪತ್ತೈದು ವರ್ಷವಾದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಕೊಡಲು ಅರ್ಜಿ ಹಾಕಬಹುದು. ಅಪ್ಪನಿಗೆ ಎರಡೂ ಆಗಿದೆ. ನಾನು ಒಬ್ಬಳೇ ಮಗಳು.

‘ನಿನ್ನ ಹೆಸರಿಗೆ ಮಾಡ್ಸಲೇನವ್ವಾ?’ ಅಂತ ಕೇಳಿದರು. ‘ಇಲ್ಲಾಂದ್ರ ಸರ್ಕಾರಕ್ಕ ಕೊಟ್ಟು ಬರೋಣು.’

ವೈದ್ಯರ ಸರ್ಟಿಫಿಕೇಟು ಬೇಕು, ಬಂದೂಕಿನ ಸುರಕ್ಷತೆಯ ತರಬೇತಿ ಆಗಬೇಕು. ಅರ್ಜಿ ನಮೂನೆ ತಂದಿಟ್ಟಿದ್ದೇನೆ. ಹೆಸರು, ವಿಳಾಸ ತುಂಬಿದ್ದಾಯಿತು. ‘ಪರವಾನಗಿ ಯಾವ ಉದ್ದೇಶಕ್ಕೆ’ ಎಂಬ ಸಾಲಿಗೆ ಬಂದು ಪೆನ್ನು ನಿಂತಿದೆ. ಬೋಲ್ಟ್ ತೆಗೆದು ಬೇರೆ ಕಪಾಟಿನಲ್ಲಿಟ್ಟು, ಅದರ ಕೀಲಿಕೈಯನ್ನು ಅಪ್ಪ ಸೊಂಟದ ದಾರಕ್ಕೆ ಕಟ್ಟಿಕೊಂಡಿದ್ದಾರೆ.