ಕನ್ನಡಕ ಧರಿಸಿದ ಸಹಯಾತ್ರಿ

ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ ನಗರದಲ್ಲಿ, ಸ್ಮಿತ್ಸೋನಿಯನ್ ಸಂಸ್ಥೆಗೆ ಸೇರಿದ ಇತಿಹಾಸ ವಸ್ತುಸಂಗ್ರಹಾಲಯವೊಂದುಂಟು. ಮೇಲೆ ಮಾಡಿಲ್ಲದ, ಎದುರಿಗೆ ಗಾಜೂ ಇಲ್ಲದ ಹಳೆಯ ಕೆಂಪು ಮೋಟಾರೊಂದು ಅದರ ಸಂಗ್ರಹದಲ್ಲಿದೆ. ಅದರ ಜೊತೆಗೆ ಧೂಳು ತಡೆಯುವ ಕನ್ನಡಕವೂ ಒಂದಿದೆ. ಅದನ್ನು ಧರಿಸಿದ್ದವನು ಮನುಷ್ಯನಲ್ಲ. ಬಡ್ ಎಂಬ ನಾಯಿ!

1903ರ ಮಾತು. ವರ್ಮಾಂಟ್ ಪ್ರಾಂತದ ವೈದ್ಯ ಹೊರೇಶಿಯೊ ನೆಲ್ಸನ್ ಜಾಕ್ಸನ್ ಆಗ 31 ವರ್ಷದ ತರುಣ. ಸ್ಯಾನ್ ಫ್ರಾನ್ಸಿಸ್ಕೋದ ಕ್ಲಬ್ಬೊಂದರಲ್ಲಿ ಕುಳಿತಿದ್ದಾಗ, ಮೋಟಾರಿನಲ್ಲಿ ದೇಶವನ್ನು ಅಡ್ಡಲಾಗಿ ದಾಟುವುದು ಅಸಾಧ್ಯವೆಂದು ಯಾರೋ ಅಂದರು. ತೊಂಬತ್ತು ದಿನಗಳೊಳಗೆ ನ್ಯೂಯಾರ್ಕ್ ತಲುಪುವೆನೆಂದು ಆತ 50 ಡಾಲರುಗಳ ಪಣ ಕಟ್ಟಿಯೇಬಿಟ್ಟ. ಸ್ವಂತ ಮೋಟಾರಿರಲಿಲ್ಲ, ನಡೆಸಿದ ಅನುಭವವೂ ಅಷ್ಟಕ್ಕಷ್ಟೆ. ಬಳಸಿದ ವಿಂಟನ್ ಗಾಡಿಯೊಂದನ್ನು ಕೊಂಡು, ಸಿವಾಲ್ ಕ್ರಾಕರ್ ಎಂಬ ಯಂತ್ರಕುಶಲಿಯನ್ನು ಜೊತೆಮಾಡಿಕೊಂಡು, ಮೇ 23ರಂದು ಹೊರಟ. ಮಡದಿ ಮಾತ್ರ ರೈಲಿನಲ್ಲಿ ಊರು ಸೇರಿದಳು!

ನೇರವಾಗಿ ಪೂರ್ವಕ್ಕೆ ಹೋದರೆ ನೆವಾಡದ ಮರಳುಗಾಡು. 1901ರಲ್ಲಿ ಆ ಗಾಡಿಯ ತಯಾರಕನಾದ ವಿಂಟನ್ನನೇ ಅಲ್ಲಿ ಮರಳಿನಲ್ಲಿ ಹೂತು ಸೋತಿದ್ದನು. ಆದಕಾರಣ ಜಾಕ್ಸನ್ ಉತ್ತರಕ್ಕೆ ತಿರುಗಿ, ಓರೆಗಾನ್ ಪ್ರಾಂತವನ್ನು ಹಾಯ್ದು ಬಳಸುದಾರಿ ಹಿಡಿದನು. ದಾರಿಯೆಂದರೆ ಏನು? ಕುದುರೆಗಾಡಿಗಳ ಚಕ್ರದ ಜಾಡು, ಕಲ್ಲು, ಕೆಸರು, ಸೇತುವೆಯಿಲ್ಲದ ಹೊಳೆಗಳು. ಹೂತ ಗಾಡಿಯನ್ನು ಹಗ್ಗ, ರಾಟೆಗಳಿಂದ ಎಳೆಯಬೇಕು. ಟೈರು ಹರಿದು ಬೇರೆ ಸಿಗದಿದ್ದರೆ ಚಕ್ರಕ್ಕೆ ಹಗ್ಗವನ್ನೇ ಸುತ್ತಬೇಕು. ಒಬ್ಬ ಹೆಂಗಸಂತೂ, ತನ್ನ ಮನೆಯವರೂ ಈ ವಿಚಿತ್ರ ವಾಹನವನ್ನು ನೋಡಲೆಂದು, ಬೇಕೆಂದೇ ತಪ್ಪುದಾರಿ ತೋರಿಸಿದಳಂತೆ!

ಐಡಾಹೊ ಪ್ರಾಂತದ ಕಾಲ್ಡ್‌ವೆಲ್ ಊರನ್ನು ಬಿಟ್ಟ ಮೇಲೆ ಜಾಕ್ಸನ್ನನಿಗೆ ತನ್ನ ಕೋಟಿನ ನೆನಪಾಯಿತು. ಅದಕ್ಕಾಗಿ ಹಿಂದಿರುಗಿದಾಗ ಸಿಕ್ಕಿದವನೇ ಬಡ್. ಬುಲ್‌ಡಾಗ್ ಜಾತಿಯ ನಾಯಿ. ಬೆಲೆ 15 ಡಾಲರು. ಅಂದಿನಿಂದ ಯಾತ್ರಿಕರು ಮೂವರಾದರು.

ಆ ಸೀಮೆಯ ಕ್ಷಾರಭೂಮಿಯಿಂದ ಏಳುವ ಧೂಳು ಕಣ್ಣಿಗೆ ಬಿದ್ದರೆ ಸುಡುತ್ತದೆ. ಗಂಡಸರಿಬ್ಬರಿಗೂ ಕನ್ನಡಕಗಳಿದ್ದುವು, ಮೂಕಪ್ರಾಣಿಯ ಕಣ್ಣುಗಳು ಕೆಂಪೇರಿದುವು. ಜಾಕ್ಸನ್ ಬಡ್‌ಗೂ ಒಂದು ಜೊತೆ ಕನ್ನಡಕ ತೊಡಿಸಿದನು. ನಾಯಿ ಅದನ್ನು ಕಿತ್ತೊಗೆಯಲಿಲ್ಲ. ಮುಂದಿನ ಆಸನದಲ್ಲಿ ಕುಳಿತು, ಎದುರಿನ ದಾರಿಯನ್ನೇ ನೋಡುತ್ತ, ಹಳ್ಳ ಬಂದೊಡನೆ ಮೈ ಬಿಗಿಹಿಡಿದು ಸಿದ್ಧನಾಗುವುದನ್ನು ಕಲಿತುಕೊಂಡಿತು. ಊರೂರುಗಳಲ್ಲಿ ಜನ ಮುತ್ತಿದಾಗ ಡಾಕ್ಟರನಷ್ಟೇ ಗೌರವ ಬಡ್‌ಗೂ ಸಂದಿತು. ಪತ್ರಿಕೆಗಳಲ್ಲಿ ಅವನ ಭಾವಚಿತ್ರವೂ ಅಚ್ಚಾಯಿತು.

ಆದರೆ ಇದು ಬರಿಯ ವಿನೋದಯಾತ್ರೆಯಾಗಿರಲಿಲ್ಲ. ವಯೋಮಿಂಗಿನ ಬಯಲಿನಲ್ಲಿ ದಾರಿ ತಪ್ಪಿ, 36 ಗಂಟೆಗಳ ಕಾಲ ಅನ್ನವಿಲ್ಲದೆ ಅಲೆದರು. ಕೊನೆಗೆ ಉಣಬಡಿಸಿದವನು ಒಬ್ಬ ಕುರಿಕಾಯುವವನು. ಬಫಲೋ ನಗರವನ್ನು ದಾಟಿದ ಮೇಲೆ, ರಸ್ತೆ ಸುಗಮವಾಯಿತೆಂದು ನಿಟ್ಟುಸಿರು ಬಿಡುವಷ್ಟರಲ್ಲೇ, ಕಣ್ಣಿಗೆ ಬೀಳದ ಅಡ್ಡಿಯೊಂದಕ್ಕೆ ಗಾಡಿ ಬಡಿದು ಮೂವರೂ ಹೊರಕ್ಕೆ ಎಸೆಯಲ್ಪಟ್ಟರು. ದೈವಕೃಪೆಯಿಂದ ಜೀವಾಪಾಯವಾಗಲಿಲ್ಲ.

ಜುಲೈ 26ರ ನಸುಕಿನಲ್ಲಿ ಅವರು ನ್ಯೂಯಾರ್ಕ್ ಸೇರಿದರು. ಅಮೆರಿಕವನ್ನು ಮೋಟಾರಿನಲ್ಲಿ ಅಡ್ಡಲಾಗಿ ದಾಟಿದವರಲ್ಲಿ ಇವರೇ ಮೊದಲಿಗರು. ಕಳೆದುದು 63 ದಿನಗಳು. ಜಾಕ್ಸನ್ ಮಾಡಿದ ವೆಚ್ಚ ಸುಮಾರು 8,000 ಡಾಲರು. ಗೆದ್ದ 50 ಡಾಲರುಗಳನ್ನು ಆತ ಕೇಳಿ ಪಡೆಯಲೇ ಇಲ್ಲವಂತೆ! ಬಡ್ ಆತನ ಮನೆಯಲ್ಲೇ ನೆಲೆಸಿತು. ಗಾಡಿಯನ್ನು ಜಾಕ್ಸನ್ 1944ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಗೆ ಕೊಟ್ಟು, 1955ರಲ್ಲಿ ತೀರಿಕೊಂಡನು.

ಈ ಕಥೆಯಲ್ಲಿ ವಿಚಾರಮಾಡತಕ್ಕ ಸಂಗತಿಯೊಂದಿದೆ. ಜಾಕ್ಸನ್ನನಿಗೆ ಪಣವಿತ್ತು, ಕ್ರಾಕರನಿಗೆ ಅವನ ಕಸುಬಿತ್ತು. ನಾಯಿಗೆ ಏನಿತ್ತು? ನ್ಯೂಯಾರ್ಕ್ ಎಲ್ಲಿದೆಯೆಂದು ಅದು ಬಲ್ಲುದೆ? ಒಡೆಯನಿದ್ದಲ್ಲಿ ತಾನೂ ಇರಬೇಕೆಂಬುದಷ್ಟೇ ಅದರ ಗುರಿ. ಇಂದು ನಮ್ಮ ನಗರಗಳ ಸಂಸಾರಗಳೂ ಸಾಕಿದ ನಾಯಿಯೊಡನೆ ಕಾರಿನಲ್ಲಿ ದೂರದ ಊರುಗಳಿಗೆ ಹೊರಡುವುದುಂಟು. ನೀರಡಿಕೆಯನ್ನು ಅದು ಬಾಯಿಬಿಟ್ಟು ಹೇಳಲಾರದು. ಬಿಸಿಲಿನಲ್ಲಿ ನಿಲ್ಲಿಸಿದ, ಗಾಜು ಮುಚ್ಚಿದ ಕಾರು ಅದಕ್ಕೆ ಪ್ರಾಣಾಂತಿಕವಾಗಬಲ್ಲದು. ಗಡಿಯಾರ ನೋಡಿ ಓಡುವ ಅವಸರದಲ್ಲೂ ಪಕ್ಕದ ಜೀವದ ಕಣ್ಣು ಕೆಂಪಾದುದನ್ನು ಜಾಕ್ಸನ್ ಗಮನಿಸಿದನಲ್ಲ, ನಾವು ಅವನಿಂದ ಕಲಿಯಬೇಕಾದುದು ಅದನ್ನೇ.