ನಾಯಿ ಕಚ್ಚಿದರೆ ಎರಡು ಸೂಜಿ

ಪಾರ್ಕಿನ ಕಲ್ಲುಬೆಂಚಿನ ಮೇಲೆ ಬಗೆಹರಿಯದ ಪ್ರಶ್ನೆ ಈ ಲೋಕದಲ್ಲಿಲ್ಲ. ಕಾವೇರಿ ನೀರು, ಈರುಳ್ಳಿ ಬೆಲೆ, ಆರ್‌ಸಿಬಿಯ ಬೌಲಿಂಗು ಎಲ್ಲವೂ ಬೆಳಗ್ಗೆ ಏಳಕ್ಕೆ ಶುರುವಾಗಿ ಎಂಟರೊಳಗೆ ಇತ್ಯರ್ಥವಾಗುತ್ತವೆ. ಕೋವಿಡ್ ಕಾಲದಲ್ಲಿ ಮೂಗಿಗೆ ಮಾಸ್ಕು ಕಟ್ಟಿಕೊಂಡು, ಆ ತುದಿಗೊಬ್ಬರು ಈ ತುದಿಗೊಬ್ಬರು ಕೂತು ವೈರಾಣುಶಾಸ್ತ್ರವನ್ನೂ ಅರೆದು ಕುಡಿದೆವು. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ರಾಯರದು ಆಗ ಒಂದೇ ಹಟ: "ಲಸಿಕೆ ಹಾಕಿಸ್ಕೊಂಡು, ಮೈಕೈ ನೋಯಿಸ್ಕೊಂಡು, ವಾರಗಟ್ಟಲೆ ಕಾಯೋದು ಯಾಕ್ರೀ? ಕೊನೆಗೆ ದೇಹ ಮಾಡೋದು ಆಂಟಿಬಾಡಿ ತಾನೆ? ಅದನ್ನೇ ಸೀಸೆಯಲ್ಲಿ ತಂದು ಚುಚ್ಚಿಬಿಟ್ರೆ ಆಯ್ತಲ್ಲ. ಟ್ರಂಪ್‌ಗೆ ಹಾಗೇ ಮಾಡಿದ್ರು!"

ಮಾಡಿದ್ದು ನಿಜ. 2020ರ ಅಕ್ಟೋಬರಿನಲ್ಲಿ ಅಮೆರಿಕದ ಅಧ್ಯಕ್ಷರಿಗೆ ಕೋವಿಡ್ ಬಂದಾಗ ಪ್ರಯೋಗಾಲಯದಲ್ಲಿ ತಯಾರಾದ ಪ್ರತಿಕಾಯಗಳ ಜೋಡಿಯನ್ನು ಕೊಟ್ಟರು. ಅದೇ ಜೋಡಿ 2021ರ ಮೇ ತಿಂಗಳಲ್ಲಿ ನಮ್ಮ ದೇಶಕ್ಕೂ ಬಂತು. ಒಬ್ಬ ರೋಗಿಗೆ 59,750 ರೂಪಾಯಿ. ಅದೇ ಬೇಸಿಗೆಯ ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಕೋವಿಶೀಲ್ಡ್ ಲಸಿಕೆಯ ಗರಿಷ್ಠ ದರ 780 ರೂಪಾಯಿ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಬ್ಯಾಂಕಿನವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಲಿಲ್ಲ. ಮೇಲಾಗಿ, ವರ್ಷ ಕಳೆಯುವುದರೊಳಗೆ ಒಮಿಕ್ರಾನ್ ವೇಷ ಬದಲಿಸಿಕೊಂಡು ಬಂದಾಗ ಆ ದುಬಾರಿ ಜೋಡಿಗೆ ಅದರ ಗುರುತೇ ಹತ್ತಲಿಲ್ಲ. ಚೇತರಿಸಿಕೊಂಡವರ ಪ್ಲಾಸ್ಮಾ ಹುಡುಕಿ ಊರೆಲ್ಲ ಅಲೆದದ್ದು ನೆನಪಿದೆಯಲ್ಲ? ಅದರೊಳಗೆ ಬಯಸಿದ್ದೂ ಪ್ರತಿಕಾಯವನ್ನೇ. ಪ್ರಯೋಜನ ಕಾಣಲಿಲ್ಲವೆಂದು 2021ರ ಮೇನಲ್ಲಿ ಅದನ್ನು ಚಿಕಿತ್ಸೆಯ ಪಟ್ಟಿಯಿಂದ ಕೈಬಿಟ್ಟರು.

ಇಷ್ಟು ಹೇಳಿ ರಾಯರ ಬಾಯಿ ಮುಚ್ಚಿಸಬಹುದಿತ್ತು. ಆದರೆ ಅದು ಅನ್ಯಾಯ. ಅವರ ಪ್ರಶ್ನೆಗೆ ಸರಿಯಾದ ಉತ್ತರ ಕೋವಿಡ್‌ನಲ್ಲಿಲ್ಲ. ಅದು ಪಾರ್ಕಿನ ಗೇಟಿನ ಹತ್ತಿರ, ಒಂದು ಕಿವಿ ಹರಿದುಕೊಂಡು, ಯಾರ ಕಾಲನ್ನು ನೋಡೋಣ ಎಂದು ಮಲಗಿರುತ್ತದೆ.

ನಾಯಿ ಕಡಿತವೆಂದರೆ ನನ್ನ ವಯಸ್ಸಿನವರಿಗೆ ತಟ್ಟನೆ ಕೈ ಹೋಗುವುದು ಹೊಕ್ಕುಳಿಗೆ. ಅದರ ಸುತ್ತ ಹದಿನಾಲ್ಕು ಸೂಜಿ! ಹುಡುಗರು ನಾಯಿಗಿಂತ ಕಂಪೌಂಡರಿಗೆ ಹೆಚ್ಚು ಹೆದರುತ್ತಿದ್ದ ಕಾಲ. ಪ್ಯಾರಿಸಿನಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ಮೊದಲ ಚುಚ್ಚುಮದ್ದು ಕೊಡಿಸಿದ್ದು 1885ರ ಜುಲೈ 6ರಂದು. ನಮ್ಮಲ್ಲಿ 1900ರಲ್ಲಿ ಕಸೌಲಿಯಲ್ಲಿ, ದಕ್ಷಿಣದವರಿಗೆಂದು 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಗಳು ಶುರುವಾದವು. ಕಸೌಲಿಯಲ್ಲಿದ್ದ ಡೇವಿಡ್ ಸೆಂಪಲ್ 1911ರಲ್ಲಿ ರೂಪಿಸಿದ ವಿಧಾನವೇ ನಮ್ಮ ಹೊಕ್ಕುಳ ಸೂಜಿಯ ಮೂಲಪುರುಷ. ಕುರಿಯ ಮಿದುಳಿನಲ್ಲಿ ವೈರಾಣು ಬೆಳೆಸಿ, ಫಿನಾಲ್ ಹಾಕಿ ಕೊಂದು ತಯಾರಿಸಿದ ಆ ಲಸಿಕೆ ಕೆಲವರಿಗೆ ಪಾರ್ಶ್ವವಾಯುವನ್ನೂ ತರುತ್ತಿತ್ತು. ಹಾಗಿದ್ದೂ ಅದು ನಮ್ಮನ್ನು ಬಿಟ್ಟು ಹೋದದ್ದು 2005ರ ಹೊತ್ತಿಗೆ. ಒಂದು ಔಷಧಿಗೆ ನಿವೃತ್ತಿ ಕೊಡಿಸಲು ನಮಗೆ ತೊಂಬತ್ತು ಚಿಲ್ಲರೆ ವರ್ಷ ಹಿಡಿಯಿತು. ಈಗಿನದು ತೋಳಿಗೆ ಕೊಡುವ, ಜೀವಕೋಶಗಳಲ್ಲಿ ಬೆಳೆಸಿದ ಶುದ್ಧ ಲಸಿಕೆ. ನಾಲ್ಕೈದು ಭೇಟಿಯಲ್ಲಿ ಮುಗಿಯುತ್ತದೆ.

ಆದರೆ ಲಸಿಕೆ ಎಷ್ಟೇ ಶುದ್ಧವಾದರೂ ಅದಕ್ಕೊಂದು ಸ್ವಭಾವವಿದೆ: ಅವಸರ ಅದಕ್ಕೆ ಆಗದು. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಒಂದು ಚಮಚ ಸಾಕು, ಪಾತ್ರೆ ತುಂಬ ಮೊಸರಾಗುತ್ತದೆ, ನಾಳೆಗೆ ಅದರಲ್ಲೇ ಮತ್ತೆ ಹೆಪ್ಪು ಸಿಗುತ್ತದೆ. ಆದರೆ ರಾತ್ರಿಯೆಲ್ಲ ಕಾಯಬೇಕು. ಊಟಕ್ಕೆ ಕೂತ ನೆಂಟರಿಗೆ ಈಗಲೇ ಮೊಸರು ಬೇಕೆಂದರೆ ಪಕ್ಕದ ಮನೆಯಿಂದ ಬಟ್ಟಲು ತರದೆ ಗತಿಯಿಲ್ಲ. ಪ್ರತಿಕಾಯದ ಸೂಜಿ ಆ ಬಟ್ಟಲು. ಬಂದ ಕ್ಷಣದಿಂದ ಕೆಲಸಕ್ಕೆ ಬರುತ್ತದೆ. ಆದರೆ ಹೊರಗಿನಿಂದ ತಂದ ಪ್ರತಿಕಾಯ ಮೂರು ವಾರಕ್ಕೆ ಅರ್ಧಕ್ಕಿಳಿದು, ಮುಂದೆ ಕರಗುತ್ತಲೇ ಹೋಗುತ್ತದೆ. ದೇಹ ಅದರಿಂದ ಏನನ್ನೂ ಕಲಿಯುವುದಿಲ್ಲ.

ರೇಬೀಸ್ ಲಸಿಕೆ ಹಾಕಿಸಿಕೊಂಡವರ ರಕ್ತದಲ್ಲಿ ಪ್ರತಿಕಾಯ ಕಾಣಿಸಿಕೊಳ್ಳಲು ಒಂದು ವಾರ, ಹತ್ತು ದಿನ ಬೇಕು. ಅಷ್ಟರಲ್ಲಿ ಗಾಯದಲ್ಲಿರುವ ವೈರಾಣು ಸುಮ್ಮನೆ ಕೂರುವುದಿಲ್ಲ. ನರದ ತುದಿ ಸಿಕ್ಕರೆ ಒಳಹೊಕ್ಕು ಮಿದುಳಿನ ಕಡೆಗೆ ನಡೆಯುತ್ತದೆ. ನರದೊಳಗೆ ಹೊಕ್ಕಮೇಲೆ ಪ್ರತಿಕಾಯಕ್ಕೆ ಅದು ಸಿಗುವುದು ಕಷ್ಟ. ನೀರು ಕಂಡರೆ ಗಂಟಲು ಹಿಡಿಯುವ ಸ್ಥಿತಿ ಬಂದಮೇಲಂತೂ ಬದುಕಿದವರು ಬೆರಳೆಣಿಕೆಯವರು. ಕಡಿತ ಮುಖ, ಕುತ್ತಿಗೆಗೆ ಆದರೆ ದಾರಿ ಇನ್ನೂ ಹತ್ತಿರ. ಮಕ್ಕಳ ಎತ್ತರವೇ ನಾಯಿಯ ಬಾಯಿಯ ಎತ್ತರವಾದ್ದರಿಂದ ಈ ದುರದೃಷ್ಟ ಹೆಚ್ಚಾಗಿ ಅವರದು.

ಇದು ಬರಿಯ ತರ್ಕವಲ್ಲ. 1954ರಲ್ಲಿ ಇರಾನಿನ ಒಂದು ಹಳ್ಳಿಯಲ್ಲಿ ಒಂದೇ ಹುಚ್ಚು ತೋಳ 29 ಮಂದಿಯನ್ನು ಕಚ್ಚಿತು. ಅವರು ಬಂದದ್ದು ಟೆಹರಾನಿನ ಪಾಶ್ಚರ್ ಸಂಸ್ಥೆಗೆ. ಅಲ್ಲಿನ ಬಾಲ್ಟಝಾರ್ ಮತ್ತು ಬಹ್ಮನ್ಯಾರ್ ಅವರ ವರದಿಯ ಪ್ರಕಾರ, ತಲೆಗೆ ಗಾಯವಾದವರಲ್ಲಿ ಲಸಿಕೆ ಮಾತ್ರ ಪಡೆದವರು ಐವರು, ಮೂವರು ಸತ್ತರು. ಲಸಿಕೆಯ ಜೊತೆಗೆ ಪ್ರತಿಕಾಯವಿದ್ದ ಸೀರಂ ಪಡೆದವರು 13, ಸತ್ತವರು ಒಬ್ಬರು. ಅಂದಿನಿಂದ ಆಳವಾದ ಕಡಿತಕ್ಕೆ ಎರಡೂ ಬೇಕು ಎಂಬುದು ವೈದ್ಯಶಾಸ್ತ್ರದ ತೀರ್ಮಾನ. ರಾಯರಿಗೆ ಇದನ್ನು ಹೇಳಿದರೆ, "ನೋಡಿ, ನಾನು ಹೇಳಿದ್ದು ಅರ್ಧ ಸರಿ" ಎಂದು ಎದ್ದೇ ನಿಂತರು.

ಸೀರಂ ಎಂದಕೂಡಲೇ ಇನ್ನೊಂದು ನಾಯಿಕತೆ ಹೇಳದಿದ್ದರೆ ನಾಯಿಜಾತಿಗೆ ಮೋಸವಾದೀತು. 1925ರ ಚಳಿಗಾಲ, ಅಲಾಸ್ಕದ ನೋಮ್ ಎಂಬ ಊರು. ಮಕ್ಕಳಿಗೆ ಗಂಟಲಮಾರಿ. ಅದು ವೈರಾಣುವಿನದಲ್ಲ, ಬ್ಯಾಕ್ಟೀರಿಯಾದ ರೋಗ. ಆದರೆ ಮದ್ದು ಇದೇ ಜಾತಿಯದು, ಕುದುರೆಯ ರಕ್ತದಿಂದ ತೆಗೆದ ಪ್ರತಿಕಾಯ. ಈ ವಿದ್ಯೆಗೇ ಬೇರಿಂಗ್ ಎಂಬ ಜರ್ಮನ್ ವೈದ್ಯ 1901ರಲ್ಲಿ ಮೊಟ್ಟಮೊದಲ ವೈದ್ಯಕೀಯ ನೊಬೆಲ್ ಪಡೆದದ್ದು. ನೋಮ್‌ಗೆ ಹಡಗು ಬರದು, ವಿಮಾನ ಹಾರದು. ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಹಿಮದಲ್ಲಿ ಸೀರಂ ಹೊತ್ತು ತಂದದ್ದು ನಾಯಿಗಳು, ಒಂದು ತಂಡದಿಂದ ಇನ್ನೊಂದಕ್ಕೆ ದಾಟಿಸುತ್ತ, ಐದೂವರೆ ದಿನದಲ್ಲಿ. ಕೊನೆಯ ತಂಡದ ಮುಂದಾಳು ಬಾಲ್ಟೊಗೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಕಂಚಿನ ಪ್ರತಿಮೆಯಾಯಿತು. ಎಲ್ಲರಿಗಿಂತ ದೂರ, ಕಠಿಣ ಹಾದಿ ಓಡಿದ ಟೋಗೊ ಎಂಬ ನಾಯಿ ಬಹುಕಾಲ ಮರೆಯಲ್ಲಿತ್ತು. ಕೊನೆಯ ಗಳಿಗೆಯಲ್ಲಿ ಫೋಟೊಗೆ ನಿಂತವರಿಗೇ ಹಾರ ಬೀಳುವುದು ನಮ್ಮ ಸಭೆಗಳಲ್ಲಿ ಮಾತ್ರ ಅಂದುಕೊಂಡಿದ್ದೆ.

ಇರಲಿ. ರೇಬೀಸಿನ ಪ್ರತಿಕಾಯ, ಅಂದರೆ ಇಮ್ಯುನೋಗ್ಲಾಬ್ಯುಲಿನ್, ಇಂದಿಗೂ ಕುದುರೆಯಿಂದ ಬರುತ್ತದೆ. ಮನುಷ್ಯರ ರಕ್ತದಿಂದಲೂ ತೆಗೆಯುತ್ತಾರೆ, ಅದು ದುಬಾರಿ. ಕುದುರೆಯನ್ನೂ ದಾನಿಯನ್ನೂ ಬಿಟ್ಟು ಕಾರ್ಖಾನೆಯಲ್ಲೇ ಏಕರೂಪದ ಪ್ರತಿಕಾಯ ತಯಾರಿಸಿ, ಜಗತ್ತಿನಲ್ಲೇ ಮೊದಲು ಪರವಾನಗಿ ಪಡೆದ ರೇಬೀಸ್ ಮದ್ದು ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನದು, 2016ರಲ್ಲಿ. ಯಾವುದೇ ಇರಲಿ, ಅದು ಹೋಗಬೇಕಾದದ್ದು ಗಾಯದೊಳಕ್ಕೇ, ಗಾಯದ ಸುತ್ತಲೇ. ನೋಯುವ ಜಾಗಕ್ಕೇ ಮತ್ತೆ ಸೂಜಿ. ಮಗು ಕಿರುಚುತ್ತದೆ, ತಾಯಿ ಅಳುತ್ತಾಳೆ, ನರ್ಸಮ್ಮನೂ ಮುಖ ತಿರುಗಿಸುತ್ತಾಳೆ. ಹೀಗಾಗಿಯೋ, ದಾಸ್ತಾನು ಇಲ್ಲದೆಯೋ, ಈ ಎರಡನೆಯ ಸೂಜಿ ತಪ್ಪಿಹೋಗುವುದು ಬಹಳ. ಲಸಿಕೆ ಹಾಕಿಸಿಕೊಂಡೂ ಸತ್ತರೆಂಬ ಸುದ್ದಿ ಓದಿ ಜನ ಲಸಿಕೆಯನ್ನೇ ಬೈಯುತ್ತಾರೆ. ಆ ಸುದ್ದಿಯಲ್ಲಿ ನಾನು ಮೊದಲು ಹುಡುಕುವುದು ಇಮ್ಯುನೋಗ್ಲಾಬ್ಯುಲಿನ್ ಕೊಟ್ಟಿದ್ದರೇ ಎಂಬುದನ್ನು. ವರದಿಗಾರರು ಅದೊಂದನ್ನು ಬಿಟ್ಟು ನಾಯಿಯ ಬಣ್ಣದವರೆಗೆ ಎಲ್ಲವನ್ನೂ ಬರೆದಿರುತ್ತಾರೆ.

ಮೊದಲ ಲಸಿಕೆಯಾಗಿ ಏಳು ದಿನ ಕಳೆದಮೇಲೆ ಈ ಸೂಜಿ ಕೊಡುವುದಿಲ್ಲ. ಆಗ ಮನೆಯ ಮೊಸರೇ ಹೆಪ್ಪಾಗಿರುತ್ತದೆ. ಹಿಂದೆ ಪೂರ್ತಿ ಲಸಿಕೆ ಪಡೆದವರಿಗೆ ಮತ್ತೆ ನಾಯಿ ಕಚ್ಚಿದರಂತೂ ಇಮ್ಯುನೋಗ್ಲಾಬ್ಯುಲಿನ್ ಬೇಡವೇ ಬೇಡ. ಲಸಿಕೆಯ ಎರಡು ಡೋಸು, ದೇಹ ಹಳೆಯ ಪಾಠ ಒಪ್ಪಿಸುತ್ತದೆ. ಅಂತೂ ರಾಯರ ಸೀಸೆಗೆ ಗೌರವ ಒಂದು ವಾರದ್ದು, ಲಸಿಕೆಗೆ ವರ್ಷಾನುಗಟ್ಟಲೆಯದು.

2022ರ ಕೊನೆಯಲ್ಲಿ ಕರ್ನಾಟಕ ಸರ್ಕಾರ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಿತು. ಒಳ್ಳೆಯದೇ. ನಮ್ಮ ಪಾಲಿನ ಕೆಲಸ ಅದಕ್ಕಿಂತ ಸುಲಭ. ನಾಯಿ ಕಚ್ಚಿದರೆ ಸುಣ್ಣ, ಅರಿಶಿನ, ಖಾರದಪುಡಿ ಹುಡುಕಬೇಡಿ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಕೊಬ್ಬಿನ ಹೊದಿಕೆಯ ಈ ವೈರಾಣುವಿಗೆ ಸೋಪೆಂದರೆ ಆಗದು. ಅಂದೇ ಆಸ್ಪತ್ರೆಗೆ ಹೋಗಿ. ರಕ್ತ ಬಂದಿದ್ದರೆ, ತೋಳಿಗೆ ಲಸಿಕೆಯಾದೊಡನೆ ಎದ್ದು ಬರಬೇಡಿ, "ಗಾಯಕ್ಕೆ ಹಾಕುವ ಇಮ್ಯುನೋಗ್ಲಾಬ್ಯುಲಿನ್ ಕೊಡ್ತೀರಾ ಡಾಕ್ಟ್ರೇ?" ಎಂದು ಕೇಳಿ. ಇಲ್ಲವೆಂದರೆ ಎಲ್ಲಿ ಸಿಗುತ್ತದೆಂದು ಬರೆಸಿಕೊಂಡು, ಅವತ್ತೇ ಅಲ್ಲಿಗೆ ಹೋಗಿ.