ಪಾತ್ರಕ್ಕೂ ಕಟ್-ಆಫ್ ಬೇಕಾ?

ಹಾಸ್ಟೆಲ್ ರೂಮಿನಲ್ಲಿ ನಾವು ನಾಲ್ವರು ಒಂದು ಸಣ್ಣ ಆರ್‌ಪಿಜಿ ಗೇಮ್ ಮಾಡ್ತಾ ಇದ್ದೇವೆ. ಕೋಡಿಂಗಿಗಿಂತ ಹೆಚ್ಚು ಜಗಳ ಆಗಿದ್ದು ಒಂದೇ ವಿಷಯಕ್ಕೆ: ಪಾತ್ರದ ಶಕ್ತಿ, ಚುರುಕು, ಬುದ್ಧಿಯ ಅಂಕಗಳನ್ನು ದಾಳ ಹಾಕಿ ಕೊಡೋದಾ, ಇಲ್ಲಾ ಆಟಗಾರನೇ ಹಂಚಿಕೊಳ್ಳೋದಾ?

ಈ ಪದ್ಧತಿಯ ಮೂಲ 1974ರ ‘ಡಂಜನ್ಸ್ ಅಂಡ್ ಡ್ರಾಗನ್ಸ್’. ಮೂರು ದಾಳ, ಮೊತ್ತ 3ರಿಂದ 18. ಹದಿನೆಂಟು ಬೀಳೋ ಸಾಧ್ಯತೆ 216ರಲ್ಲಿ 1. 1978ರ ನಿಯಮ ಪುಸ್ತಕದ ಪ್ರಕಾರ ಪ್ಯಾಲಡಿನ್ ಆಗಬೇಕಂದ್ರೆ ವರ್ಚಸ್ಸು ಕನಿಷ್ಠ 17 ಇರಬೇಕಿತ್ತು. ಮೂರು ದಾಳದ ಲೆಕ್ಕದಲ್ಲಿ ಅದು 54ರಲ್ಲಿ ಒಬ್ಬರಿಗೆ. ಥೇಟ್ ಸಿಇಟಿ ಕಟ್-ಆಫ್! 2000ದ ಮೂರನೇ ಆವೃತ್ತಿ ಆ ಕನಿಷ್ಠವನ್ನೇ ತೆಗೆದುಹಾಕಿತು. 2002ರ ‘ನೆವರ್‌ವಿಂಟರ್ ನೈಟ್ಸ್’ ಕಂಪ್ಯೂಟರ್ ಗೇಮೂ ಅದೇ ದಾರಿ ಹಿಡಿಯಿತು.

“ದಾಳ ತೆಗೀಬೇಡ್ರೋ,” ಅಂದ ನಮ್ಮಲ್ಲೊಬ್ಬ. “ಯಾವ ಊರಲ್ಲಿ ಹುಟ್ತೀಯಾ, ಯಾವ ಮೀಡಿಯಮ್ಮಲ್ಲಿ ಓದ್ತೀಯಾ ಅಂತ ನನ್ನನ್ನ ಯಾರು ಕೇಳಿದ್ರು?” ಅವನು ಕಂಪ್ಯೂಟರ್ ಸೈನ್ಸ್ ಸಿಗದೆ ಸಿವಿಲ್‌ಗೆ ಬಂದವನು. ನಮ್ಮ ಗೇಮಿನ ಅರ್ಧ ಕೋಡ್ ಅವನದೇ.

ಕೊನೆಗೆ ಒಪ್ಪಿಕೊಂಡಿದ್ದು ಇಷ್ಟು: ಅಂಕ ದಾಳದ್ದು, ಕ್ಲಾಸ್ ಆಟಗಾರನದು. ಬುದ್ಧಿ 7 ಬಿದ್ದವನೂ ಮಂತ್ರವಾದಿ ಆಗಬಹುದು. ಮಂತ್ರ ತಡವಾಗಿ ಕಲೀತಾನೆ, ಅಷ್ಟೇ. ಈ ಸೆಮ್ ಮುಗಿಯೋದ್ರೊಳಗೆ ಆಡಿಸ್ತೀವಿ, ಬನ್ನಿ.